ಯೇಸುವಿಗೆ ಸಿಟ್ಟು ಬಂದದ್ದು ತನ್ನದೇ ಗುಡಿಯಲ್ಲಿ

ಸದಲಗಾದಲ್ಲಿ ಬೆಳೆದವರಿಗೆ ಕ್ಷಮೆಯ ಪಾಠ ಹೊಸದಲ್ಲ. ಆಚಾರ್ಯ ವಿದ್ಯಾಸಾಗರ ಮಹಾರಾಜರು 1946ರಲ್ಲಿ ಹುಟ್ಟಿದ ಊರು ಇದು. ದಶಲಕ್ಷಣ ಪರ್ವ ಬಂತೆಂದರೆ ಜೈನ ಮನೆಗಳಲ್ಲಿ ಮೊದಲ ದಿನವೇ ಉತ್ತಮ ಕ್ಷಮೆಯ ಮಾತು. ಕ್ರೋಧ, ಮಾನ, ಮಾಯೆ, ಲೋಭ ಈ ನಾಲ್ಕೂ ಆತ್ಮಕ್ಕೆ ಅಂಟುವ ಕಷಾಯಗಳು ಎಂದು ಬಸದಿಯ ಪ್ರವಚನದಲ್ಲಿ ಕೇಳಿದವರು ಬರೀ ಜೈನರಲ್ಲ, ಓಣಿಯ ಎಲ್ಲರೂ ಕೇಳಿದ್ದಾರೆ. ಬಸವಣ್ಣನವರೂ ಇನ್ನೊಬ್ಬರ ಮೇಲೆ ಮುನಿಯಬಾರದು ಎಂದೇ ಹೇಳಿದರು.

ಆದರೆ ಇದೇ ನಮ್ಮ ಭಾಗಕ್ಕೆ ಸಿಟ್ಟಿನ ಇತಿಹಾಸವೂ ಇದೆ. 1981ರಲ್ಲಿ ತಂಬಾಕಿಗೆ ಸರಿಯಾದ ದರ ಬೇಕೆಂದು ರೈತರು ನಿಪ್ಪಾಣಿಯಲ್ಲಿ ಹೆದ್ದಾರಿಗೆ ಇಳಿದರು. ಶೇತಕರಿ ಸಂಘಟನೆಯ ಶರದ್ ಜೋಶಿ ಮುಂದಾಳು. ವಾರಗಟ್ಟಲೆ ರಸ್ತೆ ಬಿಡಲಿಲ್ಲ. ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ 12 ರೈತರು ಬಿದ್ದರು. ಆ ಸಿಟ್ಟನ್ನು ಪಾಪ ಎಂದು ನಮ್ಮ ಕಡೆ ಯಾರೂ ಕರೆಯುವುದಿಲ್ಲ.

ಹಾಗಾದರೆ ಸಿಟ್ಟು ಯಾವಾಗ ಪಾಪ, ಯಾವಾಗ ನ್ಯಾಯ? ಈ ಪ್ರಶ್ನೆಯನ್ನು ನಾನು ನಮ್ಮ ಕ್ರೈಸ್ತರ ಕಡೆಯಿಂದ ಕೇಳುತ್ತಿದ್ದೇನೆ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ನಾವು ಬಹಳ ಕಡಿಮೆ ಜನ. ಊರಿಗೆ ನಾಲ್ಕು ಮನೆ, ಇಲ್ಲವೇ ಒಂದು ಓಣಿಯ ಮೂಲೆ. ನಮಗೆ ಅನ್ಯಾಯ ಆದಾಗ ಊರ ಹಿರಿಯರು ಹೇಳುವ ಮಾತು ಒಂದೇ: "ನಿಮ್ಮ ಧರ್ಮದಾಗ ಒಂದು ಕೆನ್ನೆಗೆ ಹೊಡದ್ರ ಇನ್ನೊಂದು ಕೆನ್ನೆ ತೋರಸ್ರಿ ಅಂತ ಐತಲ್ಲ? ಸುಮ್ನಿರ್ರಿ." ನಮ್ಮ ಸಭೆಯ ಹಿರಿಯರೂ ಬೇರೆ ಹೇಳುವುದಿಲ್ಲ: "ಪ್ರಾರ್ಥನೆ ಮಾಡ್ರಿ, ದೇವರು ನೋಡ್ಕೋತಾನ."

ಯೇಸು ಕ್ಷಮಿಸಲು ಕಲಿಸಿದ್ದು ನಿಜ. ಸುಮ್ಮನಿರಲು ಕಲಿಸಿದ್ದು ಎಲ್ಲಿ?

ನುಂಗುವವರು, ಕಾರುವವರು

ಸಿಟ್ಟಿನ ವಿಷಯದಲ್ಲಿ ನಾವು ಎರಡು ದಾರಿಯಲ್ಲಿ ದಾರಿ ತಪ್ಪುತ್ತೇವೆ.

ಒಂದು, ನುಂಗುವುದು. ಗಂಡ ದಿನಾ ಕುಡಿದು ಬಂದು ಹೊಡೆಯುತ್ತಾನೆ. ಹೆಂಡತಿ ಭಾನುವಾರ ಸಭೆಗೆ ಬಂದು ಅಳುತ್ತಾಳೆ. "ತಾಳ್ಮೆ ತಗೋ ತಂಗಿ, ನಿನ್ನ ಪ್ರಾರ್ಥನೆಯಿಂದ ಅವ ಬದಲಾಗ್ತಾನ" ಎಂದು ಕಳಿಸುತ್ತಾರೆ. ಸೋಮವಾರ ಮತ್ತೆ ಪೆಟ್ಟು. ಇಲ್ಲಿ ತಾಳ್ಮೆ ಯಾರದು, ಲಾಭ ಯಾರಿಗೆ? ಪೆಟ್ಟು ತಿನ್ನುವವಳು ಒಬ್ಬಳು, ತಾಳ್ಮೆ ಬೋಧಿಸುವವರು ಇನ್ನೊಬ್ಬರು. ಇದನ್ನು ಕ್ಷಮೆ ಅನ್ನಲಾಗದು. ಬೇರೆಯವರ ನೋವಿನ ಮೇಲೆ ನಾವು ಕಟ್ಟಿಕೊಂಡ ಶಾಂತಿ ಇದು.

ಎರಡು, ಕಾರುವುದು. ಮೊಬೈಲ್ ಬಂದ ಮೇಲೆ ಇದು ಹೆಚ್ಚಾಗಿದೆ. ಎಲ್ಲೋ ದೂರದ ರಾಜ್ಯದ ಒಂದು ವಿಡಿಯೊ ಬರುತ್ತದೆ. ಎಂದಿನದು, ಯಾರದು, ನಿಜವೋ ಸುಳ್ಳೋ ಗೊತ್ತಿಲ್ಲ. ನೋಡಿದ ಕೂಡಲೇ ರಕ್ತ ಕುದಿಯುತ್ತದೆ, ಹತ್ತು ಗುಂಪಿಗೆ ಕಳಿಸುತ್ತೇವೆ, ಕೆಳಗೆ ಒಂದು ಬೈಗುಳ ಸೇರಿಸುತ್ತೇವೆ. ದೇವರ ಪರವಾಗಿ ಹೋರಾಡಿದೆವು ಎಂಬ ಸಮಾಧಾನದಿಂದ ಮಲಗುತ್ತೇವೆ. ಅಂದು ಒಬ್ಬ ಬಡವನಿಗೂ ನಮ್ಮಿಂದ ಒಂದು ಪೈಸೆಯ ಉಪಕಾರ ಆಗಿರುವುದಿಲ್ಲ.

ನುಂಗಿದ ಸಿಟ್ಟು ಒಳಗೆ ಹುಳಿಯುತ್ತದೆ, ಕಾರಿದ ಸಿಟ್ಟು ಓಣಿ ಕೆಡಿಸುತ್ತದೆ. ಎರಡರಲ್ಲೂ ಅನ್ಯಾಯ ಮಾತ್ರ ಇದ್ದಲ್ಲೇ ಇರುತ್ತದೆ.

ಆ ದಿನ ಗುಡಿಯಲ್ಲಿ ಏನಾಯಿತು

ಯೇಸುವಿನ ಸಿಟ್ಟು ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಯೆರೂಸಲೇಮಿನ ದೇವಾಲಯದ ಕಥೆ. ಮೇಜು ಉರುಳಿಸಿದ, ಚಾಟಿ ಹಿಡಿದ, ವ್ಯಾಪಾರಿಗಳನ್ನು ಓಡಿಸಿದ. ತಮ್ಮ ಸಿಟ್ಟಿಗೆ ಪರವಾನಗಿ ಬೇಕಾದವರೆಲ್ಲ ಈ ಕಥೆ ಹೇಳುತ್ತಾರೆ. ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಪಸ್ಕ ಹಬ್ಬ. ದೂರದೂರದ ಊರುಗಳಿಂದ ಯಾತ್ರಿಕರು ಬಂದಿದ್ದಾರೆ. ದೇವಾಲಯದ ತೆರಿಗೆಗೆ ಎಲ್ಲ ನಾಣ್ಯವೂ ನಡೆಯುವುದಿಲ್ಲ, ಗೊತ್ತುಪಡಿಸಿದ ಬೆಳ್ಳಿ ನಾಣ್ಯವೇ ಬೇಕು. ಬದಲಾಯಿಸಿಕೊಡಲು ಮೇಜು ಹಾಕಿ ಕೂತವರು ಇದ್ದಾರೆ, ಅವರಿಗೆ ಅದರಲ್ಲಿ ವಟ್ಟ. ಬಲಿಗೆ ಊನವಿಲ್ಲದ ಪ್ರಾಣಿಯೇ ಬೇಕು, ಅದನ್ನೂ ಅಲ್ಲೇ ಮಾರುತ್ತಾರೆ. ಕುರಿ ಕೊಳ್ಳಲು ಆಗದ ಬಡವರಿಗೆ ಪಾರಿವಾಳ. ಯೇಸು ಕೂಸಾಗಿದ್ದಾಗ ಅವನ ತಂದೆತಾಯಿ ಕೊಟ್ಟದ್ದೂ ಬಡವರ ಈ ಹರಕೆಯನ್ನೇ, ಲೂಕನ ಸುವಾರ್ತೆಯಲ್ಲಿ ಇದೆ. ಊರಲ್ಲಿ ಕಡಿಮೆ ದರಕ್ಕೆ ಸಿಗುವ ತೆಂಗಿನಕಾಯಿಗೆ ಜಾತ್ರೆಯಲ್ಲಿ ಗುಡಿ ಮುಂದೆ ದುಪ್ಪಟ್ಟು ಕೊಟ್ಟವರಿಗೆ ಈ ವ್ಯಾಪಾರ ಬಿಡಿಸಿ ಹೇಳಬೇಕಿಲ್ಲ. ಈ ಗದ್ದಲವೆಲ್ಲ ನಡೆಯುತ್ತಿದ್ದದ್ದು ಹೊರಗಿನ ಪ್ರಾಕಾರದಲ್ಲಿ ಎನ್ನುತ್ತಾರೆ ಬಲ್ಲವರು. ಬೇರೆ ಜನಾಂಗದವರಿಗೆ ಪ್ರಾರ್ಥನೆಗೆ ನಿಲ್ಲಲು ಅಲ್ಲಿ ಬಿಟ್ಟರೆ ಬೇರೆ ಜಾಗವಿರಲಿಲ್ಲ.

ಈಗ ಮೂರು ಸಂಗತಿ ಗಮನಿಸಿ.

ಮೊದಲನೆಯದು, ಇದು ದಿಢೀರ್ ಸಿಟ್ಟಲ್ಲ. ಮಾರ್ಕನ ಸುವಾರ್ತೆಯ ಪ್ರಕಾರ ಯೇಸು ಹಿಂದಿನ ಸಂಜೆಯೇ ದೇವಾಲಯಕ್ಕೆ ಬಂದು ಎಲ್ಲವನ್ನೂ ಸುತ್ತ ನೋಡಿದ. ಹೊತ್ತಾಗಿತ್ತು, ಬೇಥಾನ್ಯಕ್ಕೆ ವಾಪಸು ಹೋದ. ಮೇಜು ಉರುಳಿಸಿದ್ದು ಮರುದಿನ. ನೋಡಿದ್ದಕ್ಕೂ ಮಾಡಿದ್ದಕ್ಕೂ ನಡುವೆ ಒಂದು ರಾತ್ರಿ ಇತ್ತು.

ಎರಡನೆಯದು, ಯಾರ ಮೈಮೇಲೂ ಪೆಟ್ಟು ಬಿತ್ತು ಎಂದು ನಾಲ್ಕು ಸುವಾರ್ತೆಗಳಲ್ಲಿ ಎಲ್ಲೂ ಬರೆದಿಲ್ಲ. ಚಾಟಿಯ ಮಾತು ಬರುವುದು ಯೋಹಾನನಲ್ಲಿ ಮಾತ್ರ, ಅಲ್ಲಿ ಕುರಿ ದನಗಳನ್ನು ಹೊರಗೆ ಅಟ್ಟುವ ಮಾತು ಅದರ ಜೊತೆಗೇ ಇದೆ. ಪಾರಿವಾಳದ ಪಂಜರವನ್ನು ಮಾತ್ರ ಅವನು ಒದೆಯಲಿಲ್ಲ, ತೆಗೆದುಕೊಂಡು ಹೋಗಿ ಎಂದ. ಅಷ್ಟು ಸಿಟ್ಟಿನಲ್ಲೂ ಪಂಜರದೊಳಗಿನ ಹಕ್ಕಿಯ ಮೇಲೆ ನಿಗಾ ಇತ್ತು. ಮತ್ತಾಯನ ಸುವಾರ್ತೆಯಲ್ಲಿ ಇದರ ಮರುಮಾತೇ ಕುರುಡರು, ಕುಂಟರು ಅಲ್ಲೇ ಅವನ ಹತ್ತಿರ ಬಂದರು, ಅವನು ಗುಣಪಡಿಸಿದ ಎಂದಿದೆ. ಮೇಜು ಉರುಳಿಸಿದ ಕೈ ಅದೇ ದಿನ ರೋಗಿಯ ಮೈದಡವಿತು. ಸಿಟ್ಟಾದವನನ್ನು ಕಂಡು ಬಲವಂತರು ಹೆದರಿದರು, ಕೈಲಾಗದವರು ಹತ್ತಿರ ಬಂದರು.

ಮೂರನೆಯದು, ನಾವು ಹೆಚ್ಚಾಗಿ ಮರೆಯುವುದು. ಆ ದೇವಾಲಯ ಯಾರದು? ಯೇಸುವಿನದೇ. ಅವನು ಯೆಹೂದ್ಯ, ಅದು ಅವನ ಪೂರ್ವಿಕರ ದೇವರ ಮನೆ. ಯೆರೂಸಲೇಮಿನಲ್ಲಿ ಆಗ ರೋಮನ್ನರೂ ಇದ್ದರು, ಅವರಿಗೆ ಅವರದೇ ದೇವರುಗಳಿದ್ದವು. ಯೇಸು ಅವರ ಗುಡಿಗೆ ಹೋಗಿ ಏನನ್ನೂ ಉರುಳಿಸಲಿಲ್ಲ. ಅವನ ಕೈ ಎದ್ದದ್ದು ತನ್ನ ಮನೆಯ ಹೊಲಸಿನ ಮೇಲೆ.

ಇದಕ್ಕೆ ಪಕ್ಕಾ ಸಾಕ್ಷಿ ಇನ್ನೊಂದು ಕಥೆಯಲ್ಲಿದೆ. ಸಮಾರ್ಯದ ಒಂದು ಹಳ್ಳಿಯವರು ಯೇಸುವಿಗೆ ಇಳಿದುಕೊಳ್ಳಲು ಜಾಗ ಕೊಡಲಿಲ್ಲ. ಸಮಾರ್ಯದವರ ಆರಾಧನೆ ಬೇರೆ, ಬೆಟ್ಟ ಬೇರೆ. ಶಿಷ್ಯರಾದ ಯಾಕೋಬ, ಯೋಹಾನರಿಗೆ ರೇಗಿತು. ಆಕಾಶದಿಂದ ಬೆಂಕಿ ಬೀಳಿಸಿ ಈ ಹಳ್ಳಿ ಸುಡಿಸೋಣವೇ ಎಂದರು. ಯೇಸು ತಿರುಗಿ ಗದರಿಸಿದ್ದು ಹಳ್ಳಿಯವರನ್ನಲ್ಲ, ಶಿಷ್ಯರನ್ನು. ಆಮೇಲೆ ಸುಮ್ಮನೆ ಇನ್ನೊಂದು ಹಳ್ಳಿಗೆ ನಡೆದರು.

ಬೇರೆಯವರ ದೇವರನ್ನು ಹೀಗಳೆದು ಅದಕ್ಕೆ ಪವಿತ್ರ ಕೋಪ ಎಂದು ಹೆಸರಿಡುವ ನಮ್ಮವರು ಈ ಕಥೆ ಎರಡು ಸಲ ಓದಬೇಕು. ಮೂರ್ತಿಯ ಬಗ್ಗೆ, ಪಕ್ಕದ ಮನೆಯ ಪೂಜೆಯ ಬಗ್ಗೆ ಹಗುರ ಮಾತಾಡಲು ಯೇಸುವಿನ ಬದುಕಿನಲ್ಲಿ ಮೇಲ್ಪಂಕ್ತಿ ಸಿಗುವುದಿಲ್ಲ.

ತನಗಾಗಿ ಅಲ್ಲ

ಯೇಸು ಸಿಟ್ಟಾದ ಬೇರೆ ಸಂದರ್ಭಗಳನ್ನೂ ಜೋಡಿಸಿ ನೋಡಿ. ಸಬ್ಬತ್ ದಿನ ಸಭಾಮಂದಿರದಲ್ಲಿ ಕೈ ಬತ್ತಿದವನೊಬ್ಬ ಇದ್ದ. ಗುಣಪಡಿಸಿದರೆ ನಿಯಮ ಮುರಿದ ಎಂದು ಹಿಡಿಯಲು ಕೆಲವರು ಕಾದು ಕೂತಿದ್ದರು. ಯೇಸು ಅವರನ್ನು ಸಿಟ್ಟಿನಿಂದ ನೋಡಿದ, ಅವರ ಮನಸ್ಸು ಕಲ್ಲಾದದ್ದಕ್ಕೆ ನೊಂದುಕೊಂಡ ಎಂದು ಮಾರ್ಕ ಬರೆಯುತ್ತಾನೆ. ಸಿಟ್ಟು ಮತ್ತು ನೋವು ಒಟ್ಟಿಗೆ. ನೋವಿಲ್ಲದ ಸಿಟ್ಟು ದ್ವೇಷಕ್ಕೆ ತಿರುಗಲು ಹೊತ್ತು ಬೇಕಿಲ್ಲ. ಇನ್ನೊಮ್ಮೆ ಕೂಸುಗಳನ್ನು ಎತ್ತಿಕೊಂಡು ಬಂದ ತಾಯಂದಿರನ್ನು ಶಿಷ್ಯರು ಗದರಿಸಿ ಅಟ್ಟಿದರು. ಆಗಲೂ ಅವನಿಗೆ ಸಿಟ್ಟು ಬಂತು, ತನ್ನ ಶಿಷ್ಯರ ಮೇಲೆಯೇ.

ಕೈ ಬತ್ತಿದವನಿಗಾಗಿ, ಕೂಸುಗಳಿಗಾಗಿ, ಪಾರಿವಾಳ ಕೊಳ್ಳುವ ಬಡವರಿಗಾಗಿ ಅವನಿಗೆ ಸಿಟ್ಟು ಬಂತು. ತನ್ನನ್ನೇ ಹಿಡಿಯಲು ಬಂದಾಗ ಬರಲಿಲ್ಲ. ಪೇತ್ರ ಕತ್ತಿ ಬೀಸಿ ಒಬ್ಬ ಆಳಿನ ಕಿವಿ ಕತ್ತರಿಸಿದಾಗ ಕತ್ತಿ ಒಳಗಿಡು ಎಂದ, ಆ ಕಿವಿಯನ್ನು ಮುಟ್ಟಿ ವಾಸಿ ಮಾಡಿದ. ಶಿಲುಬೆಯ ಮೇಲೆ ಕೊಲ್ಲುವವರಿಗಾಗಿ ಬೇಡಿಕೊಂಡ.

ಹಾಗಾದರೆ ಆ ಎರಡನೇ ಕೆನ್ನೆಯ ಮಾತು? ಮಹಾಯಾಜಕನ ಮುಂದೆ ವಿಚಾರಣೆ ನಡೆದಾಗ ಒಬ್ಬ ಕಾವಲಿನವನು ಯೇಸುವಿನ ಕೆನ್ನೆಗೆ ಹೊಡೆದ. ಯೇಸು ತಿರುಗಿ ಹೊಡೆಯಲಿಲ್ಲ. ಆದರೆ ಸುಮ್ಮನೆಯೂ ಇರಲಿಲ್ಲ. ನಾನು ತಪ್ಪು ಹೇಳಿದ್ದರೆ ತೋರಿಸು, ಇಲ್ಲದಿದ್ದರೆ ಯಾಕೆ ಹೊಡೆದೆ ಎಂದು ಎಲ್ಲರ ಮುಂದೆ ಕೇಳಿದ. ಸೇಡು ಬೇಡ, ಪ್ರಶ್ನೆ ಇರಲಿ. ಎರಡನೇ ಕೆನ್ನೆಯ ಅರ್ಥ ಇದೇ ಎಂದು ನನಗೆ ಅನಿಸುತ್ತದೆ.

ಕಾರ್ಕಳದ ಮಗಳು

ಇದು ಯೇಸುವಿಗೆ ಸರಿ, ನಮ್ಮಂಥವರಿಗೆ ಆದೀತೇ ಎಂದರೆ, ನಮ್ಮ ಕನ್ನಡ ನೆಲದಲ್ಲೇ ಹುಟ್ಟಿದ ಒಬ್ಬ ಹೆಣ್ಣುಮಗಳ ಬದುಕು ನೋಡಿ.

ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಕಾರ್ಕಳ ತಾಲೂಕಿನ ಮಾಳದ ಹತ್ತಿರದ ಘಟ್ಟದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೇ ಊರವರ ಕೋಪಕ್ಕೆ ಗುರಿಯಾದವರು. ಮುಂದೆ ಬರಗಾಲದಲ್ಲಿ ಊರೂರು ಅಲೆಯುತ್ತ ತಂದೆ, ತಾಯಿ, ಅಕ್ಕ ಸತ್ತರು. ರಮಾಬಾಯಿ ಅಣ್ಣನ ಜೊತೆ ನಡೆಯುತ್ತ ಕಲ್ಕತ್ತ ಮುಟ್ಟಿದರು. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಕೊಂಡ, ಕೈಯಲ್ಲಿ ಹೆಣ್ಣು ಕೂಸು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು.

ಬಾಲವಿಧವೆಯರ ಗತಿ ಕಂಡು ಅವರಿಗೆ ಬಂದ ಸಿಟ್ಟು ಸಣ್ಣದಲ್ಲ. 1887ರಲ್ಲಿ ಮೇಲ್ಜಾತಿಯ ಹಿಂದೂ ಹೆಣ್ಣಿನ ಬದುಕಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಆದರೆ ಬರೆದು ಅಷ್ಟಕ್ಕೇ ಕೂರಲಿಲ್ಲ. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮತಾಂತರದ ಆರೋಪ ಬಂತು, ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಟೀಕಿಸಿತು, ಎಷ್ಟೋ ಮನೆಯವರು ಹುಡುಗಿಯರನ್ನು ವಾಪಸು ಕರೆದೊಯ್ದರು. ಸದನ ಮುಚ್ಚಲಿಲ್ಲ. 1896-97ರ ಬರದಲ್ಲಿ ಮಧ್ಯ ಪ್ರಾಂತ್ಯಕ್ಕೆ ತಾವೇ ಹೋಗಿ, ಹಸಿವಿನಿಂದ ಸಾಯುತ್ತಿದ್ದ, ದಲ್ಲಾಳಿಗಳ ಕೈಗೆ ಬೀಳುತ್ತಿದ್ದ ಹುಡುಗಿಯರನ್ನು ಕರೆತಂದರು. ಪುಣೆ ಹತ್ತಿರದ ಕೇಡಗಾಂವದಲ್ಲಿ ಮುಕ್ತಿ ಸದನ ಬೆಳೆಯಿತು. ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು ಅಲ್ಲಿ ಓದು, ನೇಯ್ಗೆ, ಒಕ್ಕಲುತನ, ಅಚ್ಚಿನ ಕೆಲಸ ಕಲಿತರು. ಆ ಸಂಸ್ಥೆ ಇವತ್ತಿಗೂ ಇದೆ.

ಇಲ್ಲಿ ನಾನು ಎತ್ತಿ ಹೇಳಬೇಕಾದದ್ದು 1897ರ ಸಂಗತಿ. ಪುಣೆಯಲ್ಲಿ ಪ್ಲೇಗ್ ಬಂತು. ಸರ್ಕಾರದ ಪ್ಲೇಗ್ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆಯಿಲ್ಲ, ಮರ್ಯಾದೆಯಿಲ್ಲ ಎಂದು ರಮಾಬಾಯಿ ಪತ್ರಿಕೆಗೆ ಬರೆದರು. ಆಗ ಆಳುತ್ತಿದ್ದವರು ಯಾರು? ಕ್ರೈಸ್ತ ಬ್ರಿಟಿಷರು. ರಮಾಬಾಯಿಯ ಕೆಲಸಕ್ಕೆ ದುಡ್ಡು ಬರುತ್ತಿದ್ದದ್ದೂ ಪರದೇಶದ ಕ್ರೈಸ್ತರಿಂದ. ಮುಂಬೈ ಗವರ್ನರ್ ಅವರ ಮಾತನ್ನು ಅಲ್ಲಗಳೆದ. ಅವರು ಬಿಡಲಿಲ್ಲ, ಆಧಾರ ಮುಂದಿಟ್ಟರು. ನಮ್ಮ ಧರ್ಮದವರ ಸರ್ಕಾರ, ನಾವೇ ಹೇಗೆ ಬೈಯೋದು ಎಂದು ಲೆಕ್ಕ ಹಾಕಿದ್ದರೆ ಅವರ ಸಿಟ್ಟಿಗೆ ಬೆಲೆ ಇರುತ್ತಿರಲಿಲ್ಲ. ತನ್ನವರ ಮುಖಕ್ಕೆ ಹೇಳಬಲ್ಲ ಸಿಟ್ಟನ್ನು ಮಾತ್ರ ಬೇರೆಯವರು ನಂಬುತ್ತಾರೆ.

ನಮ್ಮ ಮನೆಯ ಮೇಜುಗಳು

ಈಗ ನಮ್ಮ ಸಭೆಗಳ ಕಡೆ ತಿರುಗೋಣ. ಇವತ್ತು ಯೇಸು ಬಂದರೆ ಯಾವ ಮೇಜು ಉರುಳಿಸುತ್ತಾನೆ?

ಮೊದಲನೆಯದು ಜಾತಿಯ ಮೇಜು. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಆಗ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿದರು. ದಲಿತ ಕ್ರೈಸ್ತರಿಗೆ ಇನ್ನೂ ಇಲ್ಲ. ಕರ್ನಾಟಕದಲ್ಲಿ ಅವರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಇಟ್ಟಿದ್ದಾರೆ. ಈ ವಿಷಯ ನೋಡಲೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ರಚಿಸಿತು. ಕೆಲಸ, ಬಡತನ, ಓಣಿ ಏನೂ ಬದಲಾಗದೆ ದೇವರ ಹೆಸರು ಬದಲಾದ ಮಾತ್ರಕ್ಕೆ ಹಕ್ಕು ಹೋಗುವುದು ಅನ್ಯಾಯ. ಇದರ ಮೇಲೆ ಸಿಟ್ಟಾಗುವುದು ಸರಿಯೇ.

ಆದರೆ ಈ ಬೇಡಿಕೆಯೊಳಗೇ ಒಂದು ಸತ್ಯ ಕೂತಿದೆ. ಕ್ರೈಸ್ತರಾದ ಮೇಲೂ ಜಾತಿ ಹೋಗಲಿಲ್ಲ ಎಂದು ಸರ್ಕಾರಕ್ಕೆ ಹೇಳುತ್ತಿರುವವರು ನಾವೇ. ಹಾಗಾದರೆ ಅದನ್ನು ಇಟ್ಟುಕೊಂಡವರು ಯಾರು? ತಮಿಳುನಾಡಿನ ತಿರುಚ್ಚಿಯಲ್ಲಿ ಕ್ಯಾಥೋಲಿಕರ ಒಂದು ಸ್ಮಶಾನದ ನಡುವೆ ದಲಿತರ ಹೆಣಗಳನ್ನು ಬೇರೆ ಇಡಲು ಗೋಡೆ ಕಟ್ಟಿದ್ದು ಕ್ರೈಸ್ತರೇ. ನಮ್ಮ ಕರಾವಳಿಯಲ್ಲಿ ನೂರಾರು ವರ್ಷದ ಕ್ರೈಸ್ತ ಮನೆತನಗಳಲ್ಲೂ ಮದುವೆ ಮಾತಿನಲ್ಲಿ ಹಳೆಯ ಜಾತಿಯ ಹೆಸರು ಬಂದದ್ದುಂಟು. ಭಾರತದ ಕ್ಯಾಥೋಲಿಕ್ ಬಿಷಪರ ಮಂಡಳಿ 2016ರಲ್ಲಿ ದಲಿತರ ಸಬಲೀಕರಣಕ್ಕೆಂದು ಒಂದು ನೀತಿ ಹೊರಡಿಸಿ, ಸಭೆಯೊಳಗೆ ಅಸ್ಪೃಶ್ಯತೆ ಇದೆ ಎಂದು ಒಪ್ಪಿಕೊಂಡಿತು. ದೆಹಲಿಗೆ ಮನವಿ ಕೊಡುವ ಕೈ ಮೊದಲು ಸ್ಮಶಾನದ ಗೋಡೆಗೆ ಹಾರೆ ಹಾಕಬೇಕು.

ಎರಡನೆಯದು ವರದಕ್ಷಿಣೆ. ಬಲಿಪೀಠದ ಮುಂದೆ ಉಂಗುರ, ಅದರ ಹಿಂದಿನ ವಾರ ಬಂಗಾರ ಮತ್ತು ಬೈಕಿನ ಚೌಕಾಸಿ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಎಲ್ಲ ಧರ್ಮದವರಿಗೂ ಒಂದೇ. ಚೌಕಾಸಿ ಗೊತ್ತಿದ್ದೂ ಮದುವೆ ಮಾಡಿಸುವ ಪಾಸ್ಟರಿಗೆ ಅದೇ ಭಾನುವಾರ ಪಾರಿವಾಳದ ಕಥೆ ಬೋಧಿಸುವ ಹಕ್ಕಿದೆಯೇ?

ಮೂರನೆಯದು, ಮೊದಲೇ ಹೇಳಿದ ಆ ಪೆಟ್ಟು ತಿನ್ನುವ ಹೆಣ್ಣುಮಗಳು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇರುವುದು ಅವಳಿಗಾಗಿ. ತಾಲೂಕಿನ ಸಿಡಿಪಿಒ ಕಚೇರಿಯಲ್ಲಿ ದೂರು ತೆಗೆದುಕೊಳ್ಳುತ್ತಾರೆ. 181 ಮಹಿಳಾ ಸಹಾಯವಾಣಿ ಇದೆ. ಅವಳ ಜೊತೆ ಪ್ರಾರ್ಥಿಸಿ, ಬೇಡ ಎನ್ನುವುದಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಸಭೆಯ ಇಬ್ಬರು ಹಿರಿಯ ಹೆಂಗಸರು ಅವಳ ಜೊತೆ ಚಿಕ್ಕೋಡಿಗೆ ಬಸ್ ಹತ್ತಲಿ. ಕ್ರೈಸ್ತ ಸಿಟ್ಟು ಕಣ್ಣಿಗೆ ಕಾಣುವುದು ಹೀಗೆ.

ಪೆಟ್ಟು ಹೊರಗಿನಿಂದ ಬಂದಾಗ

ಬರೀ ನಮ್ಮ ತಪ್ಪನ್ನೇ ನೋಡಿಕೊಂಡು, ಹೊರಗಿನವರು ಹೊಡೆದಾಗ ತೆಪ್ಪಗಿರಬೇಕೇ? ಇಲ್ಲ.

2008ರ ಸೆಪ್ಟೆಂಬರ್ 14, ಭಾನುವಾರ. ಮಂಗಳೂರಿನ ಮಿಲಾಗ್ರಿಸ್ ಹತ್ತಿರದ ಸನ್ಯಾಸಿನಿಯರ ಆರಾಧನಾ ಮಂದಿರ ಸೇರಿ ಹಲವು ಪ್ರಾರ್ಥನಾಲಯಗಳ ಮೇಲೆ ದಾಳಿ ಆಯಿತು. ಜನ ಚರ್ಚುಗಳ ಮುಂದೆ ಸೇರಿದರು. ಕೆಲವೆಡೆ ಕಲ್ಲು ಹಾರಿತು, ಪೊಲೀಸರ ಲಾಠಿ ಬೀಸಿತು. ಕಲ್ಲು ಹಾರಿದ ಕೂಡಲೇ ಮಾತಿನ ದಿಕ್ಕು ಬದಲಾಯಿತು, ದಾಳಿ ಮಾಡಿದವರು ಯಾರು ಎಂಬ ಪ್ರಶ್ನೆಯ ಜಾಗಕ್ಕೆ ಕಲ್ಲು ಎಸೆದವರು ಯಾರು ಎಂಬ ಪ್ರಶ್ನೆ ಬಂತು. ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಸೋಮಶೇಖರ ಆಯೋಗ 2011ರಲ್ಲಿ ವರದಿ ಕೊಟ್ಟಿತು, ಕ್ರೈಸ್ತ ಸಂಘಟನೆಗಳು ಅದನ್ನು ಒಪ್ಪಲಿಲ್ಲ. ಕಲ್ಲಿನಿಂದ ಆ ಸಮುದಾಯಕ್ಕೆ ಸಿಕ್ಕದ್ದು ಏನೂ ಇಲ್ಲ. ಹಾಗೆಂದು ಅವರು ನ್ಯಾಯ ಕೇಳುವುದನ್ನು ಬಿಟ್ಟದ್ದೂ ಇಲ್ಲ.

2021ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಸುವರ್ಣಸೌಧದಲ್ಲೇ ಮತಾಂತರ ನಿಷೇಧ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟಿತು. ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾದೊ ಬಹಿರಂಗವಾಗಿ ವಿರೋಧಿಸಿದರು. 2018ರ ತನಕ ಅವರು ಬೆಳಗಾವಿಯ ಬಿಷಪ್ ಆಗಿದ್ದವರು, ನಮ್ಮ ಕಡೆಯವರಿಗೆ ಗೊತ್ತಿರುವ ಮುಖ. ಕ್ರೈಸ್ತರ ಮೇಲಿನ ದಾಳಿಗಳ ವಿಷಯವಾಗಿ 2022ರಲ್ಲಿ ಬೇರೆಯವರ ಜೊತೆ ಸೇರಿ ಸುಪ್ರೀಂ ಕೋರ್ಟಿಗೂ ಹೋದರು. ಒಂದು ಕೆಟ್ಟ ಮಾತಿಲ್ಲ, ಒಂದು ಕಲ್ಲಿಲ್ಲ. ಅರ್ಜಿ, ಆಧಾರ, ವಕೀಲರು. ಆ ಕಾಯ್ದೆಯನ್ನು ಹಿಂದಕ್ಕೆ ಪಡೆಯಲು 2023ರ ಜೂನಿನಲ್ಲಿ ರಾಜ್ಯದ ಸಚಿವ ಸಂಪುಟ ತೀರ್ಮಾನಿಸಿತು.

ಕ್ಷಮೆಯೂ ನ್ಯಾಯವೂ ಒಟ್ಟಿಗೆ ಹೋಗಬಲ್ಲವೇ? 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಜೀಪಿನಲ್ಲೇ ಸುಟ್ಟರು. ಮಕ್ಕಳಿಗೆ 10 ಮತ್ತು 6 ವರ್ಷ. ಹೆಂಡತಿ ಗ್ಲಾಡಿಸ್, ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಕಾನೂನು ತನ್ನ ಕೆಲಸ ಮಾಡಲಿ ಎಂದೂ ಹೇಳಿದರು. ಬಾರಿಪದಾದ ಕುಷ್ಠರೋಗಿಗಳ ಸೇವೆಯನ್ನು ಮುಂದೆಯೂ ವರ್ಷಗಟ್ಟಲೆ ನಡೆಸಿದರು. ಕೋರ್ಟು ಅಪರಾಧಿಗೆ ಜೀವಾವಧಿ ಶಿಕ್ಷೆ ಖಾಯಂ ಮಾಡಿತು. ಕ್ಷಮೆ ಗ್ಲಾಡಿಸ್ ಅವರ ಎದೆಯ ವಿಷಯ, ಶಿಕ್ಷೆ ಊರಿನ ಎಲ್ಲ ಮಕ್ಕಳ ರಕ್ಷಣೆಯ ವಿಷಯ. ಒಂದನ್ನು ಕೊಟ್ಟ ಮಾತ್ರಕ್ಕೆ ಇನ್ನೊಂದು ರದ್ದಾಗುವುದಿಲ್ಲ.

ಪಕ್ಕದ ಮನೆಯ ನೋವು

ಇನ್ನೊಂದು ಪರೀಕ್ಷೆ ಇದೆ, ಅದು ಕಷ್ಟದ್ದು. ನಮ್ಮ ಸಿಟ್ಟು ನಮ್ಮವರಿಗೆ ನೋವಾದಾಗ ಮಾತ್ರ ಏಳುತ್ತದೆಯೇ?

2023ರ ಜುಲೈನಲ್ಲಿ ನಮ್ಮ ಚಿಕ್ಕೋಡಿ ತಾಲೂಕಿನ ಹಿರೇಕೋಡಿಯಲ್ಲಿ ಜೈನ ಮುನಿ ಕಾಮಕುಮಾರ ನಂದಿ ಮಹಾರಾಜರ ಕೊಲೆಯಾಯಿತು. ನೆಲಕ್ಕೆ ನೋಡಿ ಕಾಲಿಡುವ ಸಾಧುವನ್ನು ಕೊಂದ ಸುದ್ದಿ ಕೇಳಿ ಯಾರಿಗೆ ಸಿಟ್ಟು ಬರಲಿಲ್ಲ? ಜೈನ ಸಮಾಜ ಬೀದಿಗೆ ಇಳಿದದ್ದು ಮೌನ ಮೆರವಣಿಗೆಯಲ್ಲಿ. ಹುಬ್ಬಳ್ಳಿ ಹತ್ತಿರದ ವರೂರಿನಲ್ಲಿ ಗುಣಧರ ನಂದಿ ಮಹಾರಾಜರು ಅನ್ನ ಬಿಟ್ಟು ಕೂತರು. ಸರ್ಕಾರ ತನಿಖೆಯನ್ನು ಸಿಐಡಿಗೆ ಕೊಟ್ಟಿತು. ಕ್ರೋಧವನ್ನು ಕಷಾಯ ಎನ್ನುವ ಧರ್ಮದವರು ನ್ಯಾಯ ಕೇಳುವುದನ್ನು ಬಿಡಲಿಲ್ಲ. ನೆರೆಯವರಿಂದ ಕಲಿಯಬೇಕಾದ ಪಾಠ ಇದು. ಅಂಥ ಮೆರವಣಿಗೆಯಲ್ಲಿ ಕ್ರೈಸ್ತನೂ ನಡೆಯಬೇಕು, ಯಾಕೆಂದರೆ ನೆರೆಯವನನ್ನು ನಿನ್ನಂತೆ ಪ್ರೀತಿಸು ಎಂಬ ಆಜ್ಞೆಯಲ್ಲಿ ನೆರೆಯವನ ಜಾತಿ ಬರೆದಿಲ್ಲ.

2025ರ ನವೆಂಬರ್ ಕೂಡ ನೆನಪಿರಲಿ. ಟನ್ ಕಬ್ಬಿಗೆ 3,500 ರೂಪಾಯಿ ಬೇಕೆಂದು ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ದಿನಗಟ್ಟಲೆ ಕೂತರು. ಸರ್ಕಾರ 3,300ಕ್ಕೆ ಬಂತು. ಅದೇ ತಿಂಗಳು ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯಲ್ಲಿ ಕಬ್ಬು ತುಂಬಿದ ಟ್ರಾಲಿಗಳಿಗೆ ಬೆಂಕಿ ಬಿತ್ತು. ಹಚ್ಚಿದವರು ಯಾರೆಂಬುದು ಪೊಲೀಸರ ಕೆಲಸ. ಸುಟ್ಟದ್ದು ಮಾತ್ರ ರೈತ ಬೆಳೆದ ಕಬ್ಬು. ಕೂತು ಕೇಳಿದ ಸಿಟ್ಟು ದರ ತಂದಿತು, ಬೆಂಕಿ ಕೊಟ್ಟ ಸಿಟ್ಟು ಬೂದಿ ತಂದಿತು.

ಸಿಟ್ಟು ಬಂದಾಗ ಏನು ಮಾಡಬೇಕು

ಹೊತ್ತು ಮುಳುಗುವ ತನಕ ಸಿಟ್ಟು ಇಟ್ಟುಕೊಳ್ಳಬೇಡಿ ಎಂದು ಪೌಲ ಎಫೆಸದವರಿಗೆ ಬರೆದ. ಯೇಸು ನೋಡಿ ಒಂದು ರಾತ್ರಿ ಕಳೆದ ಮೇಲೆ ಕೈಹಾಕಿದ. ಎರಡಕ್ಕೂ ಜಗಳವಿಲ್ಲ. ಹಗೆಯನ್ನು ರಾತ್ರಿಗೆ ಉಳಿಸಬೇಡಿ, ತೀರ್ಮಾನವನ್ನು ಬೆಳಗಿಗೆ ಉಳಿಸಿ. ರಾತ್ರಿ ಹತ್ತಕ್ಕೆ ಬಂದ ವಿಡಿಯೊವನ್ನು ಬೆಳಿಗ್ಗೆ ಹತ್ತಕ್ಕೆ ಮತ್ತೆ ನೋಡಿ, ಆಗಲೂ ಕಳಿಸಬೇಕು ಅನಿಸಿದರೆ ಮೊದಲು ನಿಜವೇ ಎಂದು ವಿಚಾರಿಸಿ.

ಆಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಸಿಟ್ಟು ಯಾರಿಗಾಗಿ, ನನ್ನ ಮರ್ಯಾದೆಗಾಗಿಯೋ, ಕೈಲಾಗದ ಇನ್ನೊಬ್ಬರಿಗಾಗಿಯೋ? ಇದೇ ತಪ್ಪು ನಮ್ಮ ಮನೆಯಲ್ಲಿ, ನಮ್ಮ ಸಭೆಯಲ್ಲಿ ನಡೆದಾಗಲೂ ನನಗೆ ಹೀಗೇ ಸಿಟ್ಟು ಬಂದಿತ್ತೇ? ಇದರಿಂದ ನಾಳೆ ಯಾರಿಗೆ ಏನು ಒಳ್ಳೆಯದಾಗುತ್ತದೆ?

ಮೂರಕ್ಕೂ ಉತ್ತರ ಸಿಕ್ಕರೆ ಎದ್ದು ಹೊರಡಿ. ಹಲ್ಲೆ ಆದರೆ 112ಕ್ಕೆ ಕರೆ ಮಾಡಿ. ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲೇ ಆಗಿರಲಿ, ಈಗಿನ ಕಾನೂನಿನಂತೆ ಯಾವ ಠಾಣೆಯಲ್ಲೂ ದೂರು ಕೊಡಬಹುದು. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಜಿಲ್ಲಾ ಎಸ್‌ಪಿಗೆ ಬರೆದು ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬಹುದು. ವಕೀಲರಿಗೆ ದುಡ್ಡಿಲ್ಲದಿದ್ದರೆ ಕಾನೂನು ಸೇವೆಗಳ ಸಹಾಯವಾಣಿ 15100. ಮಕ್ಕಳ ವಿಷಯಕ್ಕೆ 1098.

ಇದೆಲ್ಲ ದೇವರ ಮೇಲೆ ನಂಬಿಕೆ ಇಲ್ಲದವರ ಕೆಲಸ ಎಂದು ಸಭೆಯಲ್ಲಿ ಯಾರಾದರೂ ಹೇಳಿದರೆ, ಮಹಾಯಾಜಕನ ಮುಂದೆ ಯಾಕೆ ಹೊಡೆದೆ ಎಂದು ಕೇಳಿದವನ ಹೆಸರು ನೆನಪಿಸಿ. ನಮ್ಮ ಸಿಟ್ಟು ಕೆಲಸಕ್ಕೆ ಇಳಿದು ಒಬ್ಬ ಹೆಣ್ಣುಮಗಳ ಮೇಲಿನ ಪೆಟ್ಟು ನಿಂತರೆ, ಒಂದು ಗೋಡೆ ಬಿದ್ದರೆ, ಒಂದು ಚೌಕಾಸಿ ಮುರಿದರೆ, ಆಗ ಅದನ್ನು ಪವಿತ್ರ ಎಂದು ಕರೆಯೋಣ. ಅಲ್ಲಿಯ ತನಕ ಅದು ಬರೀ ಸಿಟ್ಟು.